ಮೇಷ್ಟ್ರ ನೆರಳಿನ ಅಳತೆ

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಜಟ್ಟಪ್ಪನ ನೆರಳು ಆರು ಅಡಿ ಇತ್ತು. ಅವನ ಎತ್ತರ ನಾಲ್ಕು ಅಡಿ. ಅದೇ ಹೊತ್ತಿಗೆ, ಭದ್ರಾವತಿಯ ಆ ಕೇರಿಯ ತುದಿಯಲ್ಲಿ ಕಟ್ಟುತ್ತಿದ್ದ ನೀರಿನ ಟ್ಯಾಂಕಿನ ನೆರಳು ಅರವತ್ತಮೂರು ಅಡಿ. ಹಾಗಾದರೆ ಟ್ಯಾಂಕಿನ ಎತ್ತರವೆಷ್ಟು?

1941ರ ಫೆಬ್ರವರಿ 11, ಮಂಗಳವಾರ, ಗೋವಿಂದಯ್ಯ ಮೇಷ್ಟ್ರು ನಾಲ್ಕನೆಯ ತರಗತಿಗೆ ಕೊಟ್ಟ ಲೆಕ್ಕ ಇದು. ಅಡಿಗೊಂದು ಗಂಟು ಹಾಕಿದ ಹಗ್ಗ ಹಿಡಿದು ಶಾಲೆಯ ಇಪ್ಪತ್ತೆಂಟು ಮಕ್ಕಳ ನೆರಳನ್ನೂ ಟ್ಯಾಂಕಿನ ಬುಡದಲ್ಲೇ ಅಳೆದರು. ಹೆಸರು, ಎತ್ತರ, ನೆರಳು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಪಠ್ಯಪುಸ್ತಕದ ಲೆಕ್ಕಗಳನ್ನು ಅವರು ಬಿಟ್ಟು ನಾಲ್ಕು ವರ್ಷವಾಗಿತ್ತು. ಆಗ ಅವರಿದ್ದ ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಮನೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ಭಾನುವಾರಗಳನ್ನು ಏನು ಮಾಡಬೇಕೆಂದು ತಿಳಿಯದೆ ಲೆಕ್ಕ ಹುಡುಕಲು ಹೊರಟಿದ್ದರು. ಶಿವಮೊಗ್ಗ ಸ್ಟೇಷನ್ನಿನ ಪ್ಲಾಟ್‌ಫಾರಂ ಎಷ್ಟು ಹೆಜ್ಜೆ, ಹೊಳೆಯ ಮೆಟ್ಟಿಲು ಎಷ್ಟು, ಮಳೆಗಾಲದಲ್ಲಿ ಎಷ್ಟು ಮುಳುಗುತ್ತವೆ, ಸಂತೆಕಟ್ಟೆಯ ಸೂರಿಗೆ ಎಷ್ಟು ಹೆಂಚು. ಸೋಮವಾರ ಅವು ಕರಿಹಲಗೆಯ ಮೇಲಿರುತ್ತಿದ್ದವು. ಈ ಶಾಲೆಗೆ ಬಂದ ಮೇಲೂ ಹಾಗೆಯೇ; ಹಗ್ಗದ ಇನ್ನೊಂದು ತುದಿ ಹಿಡಿಯಲು ಮಕ್ಕಳು ಜಗಳವಾಡುತ್ತಿದ್ದರು.

ಬುಧವಾರ ಮೂವರು ಮಕ್ಕಳು ಬಂದರು. ಗುರುವಾರ ಒಬ್ಬರೂ ಬರಲಿಲ್ಲ.

ಮಾರ್ಚ್ 3ರಂದು ಇನ್‌ಸ್ಪೆಕ್ಟರ್ ಬರುವವರಿದ್ದರು. ಹಾಜರಿ ಇಪ್ಪತ್ತಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚುವುದಾಗಿ ಹಿಂದಿನ ವರ್ಷವೇ ಬರೆದು ತಿಳಿಸಿದ್ದರು. ಮುಚ್ಚಿದರೆ ಇನ್ನೊಂದು ಶಾಲೆ ಎರಡೂವರೆ ಮೈಲಿ ದೂರ. ಅಷ್ಟು ದೂರ ನಡೆಯುವ ಮಕ್ಕಳು ನಾಲ್ಕೋ ಐದೋ. ಉಳಿದವರು ಸೌದೆ ಹೊರಲು ಹೋಗುವವರೇ.

ಶುಕ್ರವಾರ ಮಧ್ಯಾಹ್ನ ಜಟ್ಟಪ್ಪನ ತಾಯಿ ಉಚ್ಚಂಗಮ್ಮ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ನಮ್ ಜಟ್ಟನ ನೆರಳು ಅಳತೆ ತಗಂಡ್ರಂತೆ?"

"ಲೆಕ್ಕಕ್ಕೆ ತಗೊಂಡಿದ್ದು ಉಚ್ಚಂಗಮ್ಮ."

"ಲೆಕ್ಕಕ್ಕೆ ಅಂತ್ಲೇ ಊರೆಲ್ಲ ಹೇಳ್ತಿರೋದು. ಕಂಬ ನಿಲ್ಲಕ್ಕೆ ಎಷ್ಟ್ ಮಕ್ಳು ಬೇಕು ಅನ್ನೋ ಲೆಕ್ಕ."

ಗೋವಿಂದಯ್ಯನವರಿಗೆ ಆಗ ವಿಷಯ ತಿಳಿಯಿತು. ಟ್ಯಾಂಕಿನ ಒಂದು ಕಂಬ ಜನವರಿಯಲ್ಲಿ ಬಿರುಕು ಬಿಟ್ಟಿತ್ತು. ಒಡೆದು ಮತ್ತೆ ಕಟ್ಟಿದ್ದರು. ನಿಲ್ಲದ ಕಟ್ಟಡ ಬಲಿ ಕೇಳುತ್ತದೆ, ಯಾರ ನೆರಳನ್ನು ಅದರ ಬುಡದಲ್ಲಿ ಹಗ್ಗ ಹಿಡಿದು ಅಳೆಯುತ್ತಾರೋ ಅವರು ವರ್ಷದೊಳಗೆ ಸಾಯುತ್ತಾರೆ ಎಂಬ ನಂಬಿಕೆ ಆ ಕೇರಿಯಲ್ಲಿತ್ತು.

ಅವರು ಕರಿಹಲಗೆಯ ಮೇಲೆ ಎರಡು ತ್ರಿಕೋನ ಬರೆದು ವಿವರಿಸಿದರು. ಉಚ್ಚಂಗಮ್ಮ ಕೊನೆಯವರೆಗೂ ಕೇಳಿದಳು.

"ಚೆನ್ನಾಗೈತೆ. ನನ್ ಮಗನ್ ಹೆಸ್ರು ತೆಗೀರಿ."

"ಆ ಹಾಳೆನೇ ಹರಿದುಕೊಡ್ತೀನಿ, ನೀವೇ ಒಲೆಗೆ ಹಾಕಿ."

"ಹರಿದ್ರೆ ಆಗಲ್ಲ ಮೇಷ್ಟ್ರೇ. ಅಳೆದ್ ಮೇಲೆ ಅದಕ್ಕೊಬ್ರು ಬೇಕೇ ಬೇಕು. ಮಕ್ಳ ಹೆಸ್ರು ಹೊಡೆದು ಬೇರೆ ಬರ್ಕಳಿ."

"ಯಾರದ್ದು ಬರೀಲಿ?"

"ನಾನ್ ಹೆಂಗ್ ಹೇಳಲಿ?" ಅವಳು ಖಾಲಿ ಬೆಂಚುಗಳನ್ನು ನೋಡಿದಳು. "ನಿಮ್ಗೆ ಹಿಂದೆ ಮುಂದೆ ಯಾರವ್ರೆ?"

"ಯಾರೂ ಇಲ್ಲ."

ಉಚ್ಚಂಗಮ್ಮ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಶನಿವಾರ ಬೆಳಿಗ್ಗೆ ಅದೇ ಹೊತ್ತಿಗೆ ಗೋವಿಂದಯ್ಯ ಟ್ಯಾಂಕಿನ ಬುಡದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತರು. ಕೇರಿಯ ಹೆಂಗಸರು ದೂರದಲ್ಲಿ ಗುಂಪಾಗಿ ನಿಂತಿದ್ದರು. ಹಗ್ಗ ಹಿಡಿದವಳು ಉಚ್ಚಂಗಮ್ಮ. ಐದು ಅಡಿ ನಾಲ್ಕು ಅಂಗುಲದ ಮನುಷ್ಯನಿಗೆ ಎಂಟು ಅಡಿ ನೆರಳು. ಇಪ್ಪತ್ತೆಂಟು ಹೆಸರುಗಳ ಮೇಲೆ ಒಂದೊಂದಾಗಿ ಶಾಯಿಯ ಗೆರೆ ಎಳೆದು, ಕೆಳಗೆ ತಮ್ಮ ಹೆಸರು ಬರೆದು, ಗಟ್ಟಿಯಾಗಿ ಓದಿದರು.

"ಉತ್ತರ ಅಷ್ಟೇ ಬರುತ್ತೆ. ನಲವತ್ತೆರಡು ಅಡಿ."

ಉಚ್ಚಂಗಮ್ಮ ಹಗ್ಗವನ್ನು ಅವರ ಕಾಲ ಬಳಿ ಇಟ್ಟು ಹಿಂದೆ ಸರಿದಳು.

ಸೋಮವಾರ ಇಪ್ಪತ್ತಾರು ಮಕ್ಕಳು ಬಂದರು.

ಆ ವಾರದಿಂದ ಮಾರಪ್ಪನ ಹೋಟೆಲಿನಲ್ಲಿ ಗೋವಿಂದಯ್ಯ ಕೂತರೆ ಬೆಂಚಿನ ಮೇಲಿದ್ದವರು ಎದ್ದು ಜಾಗ ಬಿಡತೊಡಗಿದರು. ಮೊದಲು ಕರೆದರೂ ತಿರುಗದ ಮಾರಪ್ಪ ಈಗ ಕೇಳದೆಯೇ ಬಿಸಿ ಇಡ್ಲಿ ತಂದಿಡುತ್ತಿದ್ದ.

"ಇನ್ನೆರಡು ಹಾಕ್ಲಾ? ಸಿಹಿ ಏನಾದ್ರೂ ತಿನ್ಬೇಕು ಅನ್ಸಿದ್ರೆ ಹೇಳಿ ಮೇಷ್ಟ್ರೇ, ಸಂಕೋಚ ಬ್ಯಾಡ."

"ನಾನು ಚೆನ್ನಾಗೇ ಇದೀನಲ್ಲೋ ಮಾರಾಯ."

"ಇದೀರ, ಇದೀರ," ಎಂದ ಮಾರಪ್ಪ, ಮಗುವನ್ನು ಸಮಾಧಾನ ಮಾಡುವವನಂತೆ. ಎದುರಿಗೆ ಕೂತವರು ಲೋಟದಲ್ಲಿ ಮುಖ ಹುದುಗಿಸಿದರು.

ಕೇರಿಯಲ್ಲಿ ಬಾಯಿ ಜೋರಿನ ಹೆಂಗಸರು ಅವರೊಂದಿಗೆ ಮೆತ್ತಗೆ ಮಾತಾಡಿದರು. ಉಚ್ಚಂಗಮ್ಮ ಎರಡು ಸಲ ರೊಟ್ಟಿ ಕಳಿಸಿದಳು. ತರಗತಿಯಲ್ಲಿ ಮಕ್ಕಳು ಹೇಳಿದ ಲೆಕ್ಕ ಮಾಡುತ್ತಿದ್ದರು, ಆದರೆ ಹಗ್ಗ ಮುಟ್ಟುತ್ತಿರಲಿಲ್ಲ. ಶಾಲೆಯ ಜಗಲಿ ಅಳೆಯುವಾಗ ಗೋವಿಂದಯ್ಯ ಹಗ್ಗದ ಒಂದು ತುದಿಯ ಮೇಲೆ ಕಲ್ಲಿಟ್ಟು, ಇನ್ನೊಂದು ತುದಿ ಹಿಡಿದು ತಾವೇ ನಡೆದರು. ಮಕ್ಕಳು ಗೋಡೆಗೆ ಒತ್ತಿಕೊಂಡು, ಅವರ ನೆರಳು ತಾಕದಷ್ಟು ದೂರದಲ್ಲಿ ನಿಂತು ಗಂಟು ಎಣಿಸಿದರು. ಎಣಿಕೆ ತಪ್ಪಲಿಲ್ಲ.

ಮಾರ್ಚ್ 3ರಂದು ಇಪ್ಪತ್ತೇಳು ಮಕ್ಕಳಿದ್ದರು. ಇನ್‌ಸ್ಪೆಕ್ಟರ್ ಕಿಟಕಿಯಾಚೆ ಕೈ ತೋರಿಸಿ, ಆ ಟ್ಯಾಂಕ್ ಎಷ್ಟು ಎತ್ತರವಿರಬಹುದು ಎಂದು ಕೇಳಿದರು. ಜಟ್ಟಪ್ಪ ಎದ್ದು ನಿಂತ.

"ನಲವತ್ತೆರಡು ಅಡಿ ಸಾರ್."

"ಹತ್ತಿ ಅಳೆದೆಯೇನೋ?"

"ಇಲ್ಲ ಸಾರ್. ಮೇಷ್ಟ್ರ ನೆರಳಿಂದ."

ಇನ್‌ಸ್ಪೆಕ್ಟರ್ ನಕ್ಕರು. ತರಗತಿಯಲ್ಲಿ ಬೇರೆ ಯಾರೂ ನಗಲಿಲ್ಲ. ಶಾಲೆ ಮುಂದುವರಿಯಬಹುದೆಂದು ಅವರು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು.

ಏಪ್ರಿಲ್ 19ರಂದು ಟ್ಯಾಂಕಿಗೆ ನೀರು ಬಿಟ್ಟರು. ಕಂಬಗಳು ನಿಂತವು. ಮರುದಿನ ಬೆಳಕು ಹರಿಯುವ ಮೊದಲು ಉಚ್ಚಂಗಮ್ಮ ಗೋವಿಂದಯ್ಯನವರ ಕೋಣೆಯ ಬಾಗಿಲು ತಟ್ಟಿದಳು. ಅವರು ಬಾಗಿಲು ತೆರೆದರು.

"ಏನಿಲ್ಲ," ಎಂದಳು. "ಎದ್ದಿದೀರೋ ಇಲ್ವೋ ಅಂತ." ಹಿಂದೆ ಇನ್ನೂ ನಾಲ್ಕೈದು ಹೆಂಗಸರಿದ್ದರು.

ಮೇ ತಿಂಗಳಲ್ಲಿ ಗೋವಿಂದಯ್ಯ ವರ್ಗಾವಣೆ ಕೇಳಿ ಅರ್ಜಿ ಹಾಕಿದರು. ಜುಲೈನಲ್ಲಿ ಹೊಳೆಹೊನ್ನೂರಿಗೆ ವರ್ಗವಾಯಿತು. ಅವರು ಹೊರಟ ದಿನ ಶಾಲೆಯ ಹಾಜರಿ ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು.