ಫಳಫಳಕ್ಕ ಉಜ್ಜಿದ ಚೆಂಡು

ಗಾಜಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಫಳಫಳಕ್ಕ ಎಂದು ಕರೆಯುತ್ತಿದ್ದರು. ಆ ಬಿರುದನ್ನು ಅವಳು ಬೆವರು ಸುರಿಸಿಯೇ ಸಂಪಾದಿಸಿದ್ದಳು. ಹದಿನಾರು ವರ್ಷದಿಂದ ಅಲ್ಲಿ ಕಸ ಗುಡಿಸುವುದು ಅವಳ ಕೆಲಸ, ಆದರೆ ಗುಡಿಸಿ ಕೈತೊಳೆದುಕೊಂಡು ಕೂರುವ ಪೈಕಿ ಅವಳಲ್ಲ. ನಲ್ಲಿ, ಬೀಗ, ಬಾಗಿಲ ಹಿಡಿ, ಯಜಮಾನರ ಮೇಜಿನ ಮೇಲಿನ ಗಂಟೆ, ಹೀಗೆ ಕೈಗೆ ಸಿಕ್ಕಿದ ಲೋಹದಲ್ಲಿ ತನ್ನ ಮೂಗು ಕಾಣುವವರೆಗೆ ಉಜ್ಜದಿದ್ದರೆ ಅವಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಅಕ್ಕನ ಎದುರು ಬಾಯಿಬಿಟ್ಟು ನಗಬೇಡಿ, ಹಲ್ಲಿಗೂ ಇಟ್ಟಿಗೆಪುಡಿ ಹಾಕಿಬಿಟ್ಟಾಳು ಎಂದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಅವಳ ಕೈಗೆ ಸೋಲದ ವಸ್ತು ಒಂದೇ ಒಂದಿತ್ತು, ಅದು ತಮ್ಮನ ಅಂಗಿ. ತಮ್ಮ ಕುಲುಮೆಯ ಬಾಯಲ್ಲಿ ನಿಂತು ಕರಗಿದ ಗಾಜನ್ನು ಕೊಳವೆಯ ತುದಿಗೆ ಸುತ್ತಿ ಊದುವವನು. ಅವನ ಬೆವರು ಆರಿ ಅಂಗಿಯ ಬೆನ್ನ ತುಂಬ ಉಪ್ಪಿನ ಬಿಳಿ ಗೆರೆಗಳು ಬೀಳುತ್ತಿದ್ದವು. ಅವಳು ಪ್ರತಿ ಸಂಜೆ ತಿಕ್ಕುತ್ತಿದ್ದಳು, ಮರುದಿನ ಗೆರೆ ಮತ್ತೆ ಹಾಜರು. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ, ಅವನನ್ನು ಎತ್ತಿ ಆಡಿಸಿದ ಕೈ ಅವಳದ್ದೇ. ಈಗ ಆ ತಮ್ಮ ಒಂದೇ ತಿಂಗಳಲ್ಲಿ ಎರಡು ಸಲ ಕುಲುಮೆಯ ಮುಂದೆ ಕಣ್ಣು ಕತ್ತಲಿಟ್ಟು ಬಿದ್ದಿದ್ದ.

ಯಜಮಾನರು ಕೆಟ್ಟವರೇನಲ್ಲ, ಆದರೆ ಅವರು ನಂಬುತ್ತಿದ್ದದ್ದು ಕಚೇರಿಯ ಗೋಡೆಯ ಥರ್ಮಾಮೀಟರನ್ನು. ಅದರಲ್ಲಿ ಮೂವತ್ತನಾಲ್ಕು ಡಿಗ್ರಿ. ಇಷ್ಟು ಸೆಕೆಗೆ ಬೀಳುವವನಿಗೆ ಮೈಯಲ್ಲಿ ಶಕ್ತಿಯಿಲ್ಲ, ಅವನನ್ನು ಮನೆಗೆ ಕಳಿಸುವುದೇ ಒಳ್ಳೆಯದು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಊದುವ ಕೊಳವೆ ಕೈಬಿಟ್ಟರೆ ತಮ್ಮ ಅರ್ಧ ಮನುಷ್ಯನಾಗುತ್ತಾನೆಂದು ಅಕ್ಕನಿಗೆ ಗೊತ್ತಿತ್ತು. ಅವಳು ಕೆಲಸಗಾರರನ್ನೆಲ್ಲ ಹಿಂದೆ ಹಾಕಿಕೊಂಡು ಹೋಗಿ ಪಟ್ಟು ಹಿಡಿದ ಮೇಲೆ, ಕುಲುಮೆಯ ಬಾಯಲ್ಲಿ ಬಿಸಿ ಎಷ್ಟಿದೆ ಎಂದು ಒಂದು ಸಲ ಅಳೆಸಲು ಯಜಮಾನರು ಒಪ್ಪಿದರು.

ಕಾರ್ಖಾನೆಗಳಲ್ಲಿ ಬಿಸಿ ಅಳೆಯುವ ಹೆಂಗಸೊಬ್ಬಳು ಅಳತೆಯ ಹಿಂದಿನ ಸಂಜೆಯೇ ಬಂದು, ತಮ್ಮ ನಿಲ್ಲುವ ಜಾಗದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದ್ದಳು. ಅದರ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಕಪ್ಪು ಚೆಂಡು, ಅದರೊಳಗೊಂದು ಥರ್ಮಾಮೀಟರ್, ಅಲ್ಲಿಂದ ಕಚೇರಿಯ ಮೇಜಿನ ಪೆಟ್ಟಿಗೆಯವರೆಗೆ ತಂತಿ. ಗಾಳಿಯ ಬಿಸಿ ಬೇರೆ, ಕುಲುಮೆ ಎಸೆಯುವ ಬಿಸಿ ಬೇರೆ. ಗೋಡೆಯದ್ದಕ್ಕೆ ಗಾಳಿಯದ್ದು ಮಾತ್ರ ಗೊತ್ತು, ಈ ಚೆಂಡು ಎರಡನ್ನೂ ಮನುಷ್ಯನ ಮೈಯಂತೆ ಹೀರಿಕೊಂಡು ಹೇಳುತ್ತದೆ ಎಂದು ಅವಳು ವಿವರಿಸಿದಳು. ಚೆಂಡು ನಲವತ್ತೈದು ದಾಟಿದರೆ ತಮ್ಮ ಕೆಲಸದಲ್ಲೇ ಉಳಿಯುವುದು, ಕುಲುಮೆಯ ಬಾಯಲ್ಲಿ ಇಬ್ಬರು ಸರದಿಯ ಮೇಲೆ ನಿಲ್ಲುವುದು. ದಾಟದಿದ್ದರೆ ಅವನು ಅಳತೆಯ ದಿನ ಸಂಜೆಯೇ ಮನೆಗೆ ಎಂದು ಮಾತಾಗಿತ್ತು. ಚೆಂಡು ಯಾಕೆ ಕಪ್ಪಗಿದೆ ಎಂಬ ಮಾತು ಬರುವಷ್ಟರಲ್ಲಿ ಫಳಫಳಕ್ಕ ಬಕೆಟ್ ತರಲು ಹೋಗಿಯಾಗಿತ್ತು. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಅವಳಿಗೆಲ್ಲಿಂದ ಬರಬೇಕು?

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ಚೆಂಡನ್ನು ನೋಡಿ ನಾಚಿಹೋದಳು. ತನ್ನ ತಮ್ಮನ ಪರವಾಗಿ ಸಾಕ್ಷಿ ಹೇಳಬೇಕಾದದ್ದು ಈ ಮಸಿ ಮೋರೆ ಹೊತ್ತು ನಿಲ್ಲುವುದೇ? ಅದನ್ನು ಬಿಚ್ಚಿ, ಮಡಿಲಲ್ಲಿಟ್ಟುಕೊಂಡು, ಇಟ್ಟಿಗೆಪುಡಿ ಹಾಕಿ ಒಂದು ಗಂಟೆ ತಿಕ್ಕಿದಳು. ಕಪ್ಪಿನ ಕೆಳಗಿಂದ ತಾಮ್ರ ಹೊರಬಂತು. ಅವಳ ಎದೆ ಹಿಗ್ಗಿತು. ಮೊದಲಿದ್ದ ಹಾಗೆಯೇ ಸ್ಟ್ಯಾಂಡಿಗೆ ಸಿಕ್ಕಿಸಿ, ಯಾರಿಗೂ ಹೇಳದೆ ಪೊರಕೆ ಎತ್ತಿಕೊಂಡಳು.

ಹನ್ನೊಂದು ಗಂಟೆಗೆ ಅಳತೆಯವಳು ನೇರವಾಗಿ ಕಚೇರಿಗೇ ಬಂದು ಪೆಟ್ಟಿಗೆಯ ಮುಂದೆ ಕುಳಿತಳು. ಚೆಂಡು ನಿಜ ಹೇಳಲು ಇಪ್ಪತ್ತೈದು ನಿಮಿಷ ಬೇಕು ಎಂದಳು. ಫಳಫಳಕ್ಕ ನೀರು ಕೊಡುವ ನೆಪದಲ್ಲಿ ಐದು ಸಲ ಒಳಗೆ ಬಂದಳು. ಮೂವತ್ತಾರು. ಮೂವತ್ತೇಳು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೂವತ್ತೆಂಟು, ಮೂವತ್ತೊಂಬತ್ತು. ಅಲ್ಲಿಗೆ ಅಂಕಿ ಕೂತುಬಿಟ್ಟಿತು. ಇಪ್ಪತ್ತೈದು ನಿಮಿಷ ಕಳೆಯಿತು, ಮೂವತ್ತು ಕಳೆಯಿತು, ಮೂವತ್ತೊಂಬತ್ತು ಮೂವತ್ತೊಂಬತ್ತೇ.

"ಇಷ್ಟೇನಾ ನಿಮ್ಮ ಚೆಂಡು?" ಎಂದು ಯಜಮಾನರು ತಮ್ಮನನ್ನು ಕೆಲಸದಿಂದ ಬಿಡಿಸುವ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

ಅಳತೆಯವಳು ತಂತಿಯನ್ನು ಅಲ್ಲಾಡಿಸಿ ನೋಡುತ್ತಿದ್ದಳು. ಫಳಫಳಕ್ಕ ಅಷ್ಟರಲ್ಲಿ ಕುಲುಮೆಯ ಕಡೆಗೆ ಓಡಿಯಾಗಿತ್ತು. ಚೆಂಡಿನ ಮುಂದೆ ಬಗ್ಗಿ ನೋಡಿದಳು. ತಾಮ್ರದ ಹೊಳಪಿನಲ್ಲಿ ಇಡೀ ಕುಲುಮೆ ಉರಿಯುತ್ತಿತ್ತು. ಬೆನ್ನಿಗೆ ಬೆಂಕಿಯ ಬಿಸಿ ತಟ್ಟುತ್ತಿದ್ದಂತೆಯೇ ಮುಖಕ್ಕೆ ಚೆಂಡಿನ ಕಡೆಯಿಂದಲೂ ಸಣ್ಣಗೆ ಝಳ ಬರುತ್ತಿತ್ತು. ತಾನು ಉಜ್ಜಿದ ಚೆಂಡು ಬೆಂಕಿಯನ್ನು ಒಳಗೆ ಬಿಟ್ಟುಕೊಳ್ಳದೆ ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಿದೆ. ತಮ್ಮನ ಕೆಲಸಕ್ಕೆ ತಾನೇ ಕಲ್ಲು ಹಾಕಿದ್ದಳು.

ವಾಪಸು ಓಡಿ, ಯಜಮಾನರ ಪೆನ್ನಿನ ಮೇಲೆಯೇ ಕೈಯಿಟ್ಟಳು.

"ತಪ್ಪು ಚೆಂಡಿಂದಲ್ಲ, ನಂದು. ಕೊಳೆಯಾಗಿದೆ ಅಂದ್ಕೊಂಡು ಬೆಳಗ್ಗೆ ಉಜ್ಜಿಬಿಟ್ಟೆ. ಮನೆಗೆ ಕಳಿಸೋದಾದ್ರೆ ನನ್ನನ್ನ ಕಳಿಸಿ. ಅವನಿಗೆ ಇನ್ನೊಂದು ಸಲ ಅಳೀರಿ."

ಅಳತೆಯವಳು ತಡೆಯಲಾರದೆ ನಕ್ಕಳು. ಕಪ್ಪು ಬಣ್ಣವೇ ಆ ಚೆಂಡಿನ ಜೀವ ಎಂದು ಯಜಮಾನರಿಗೆ ಬಿಡಿಸಿ ಹೇಳಿದಳು. ಅವರಿಗೆ ಇದೆಲ್ಲ ನಾಟಕವೆನ್ನಿಸಿತು. ಹಾಗಿದ್ದರೆ ಈ ಸಲ ನಾನು ಚೆಂಡಿನ ಪಕ್ಕದಲ್ಲೇ ನಿಂತು ನೋಡುತ್ತೇನೆ, ಯಾರ ಕೈಚಳಕವೂ ನಡೆಯಬಾರದು ಎಂದು ಎದ್ದರು. ಫಳಫಳಕ್ಕನಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಎಣ್ಣೆಬಟ್ಟೆಗೆ ಬೆಂಕಿ ಹಚ್ಚಿ, ಆ ಹೊಗೆಯಲ್ಲಿ ಚೆಂಡನ್ನು ತಿರುಗಿಸಿ ತಿರುಗಿಸಿ ಅವಳೇ ಮಸಿ ಹಿಡಿಸಿ, ಅದು ಆರಿದ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಹದಿನಾರು ವರ್ಷದಲ್ಲಿ ಅವಳು ಒಂದು ವಸ್ತುವನ್ನು ಬೇಕೆಂದೇ ಕೊಳೆ ಮಾಡಿದ್ದು ಅದೇ ಮೊದಲು. ಕೆಲಸಗಾರರೆಲ್ಲ ಸುತ್ತ ನೆರೆದರು. ತಮ್ಮ ಕೊಳವೆ ಹಿಡಿದು ತುಟಿ ಕಚ್ಚಿ ನಿಂತಿದ್ದ. ಕಚೇರಿಯಿಂದ ಒಬ್ಬ ಅಂಕಿ ಕೂಗುತ್ತಿದ್ದ. ಮೂವತ್ತೆಂಟು. ನಲವತ್ತೊಂದು. ನಾಲ್ಕನೇ ನಿಮಿಷಕ್ಕೆ ಯಜಮಾನರು ಕೋಟು ಕಳಚಿದರು. ನಲವತ್ಮೂರು. ನಲವತ್ತನಾಲ್ಕು. ಫಳಫಳಕ್ಕ ಕಚೇರಿಯ ಬಾಗಿಲ ಕಡೆಗೆ ಕತ್ತು ಚಾಚಿದಳು. ನಲವತ್ತಾರು ಎಂದು ಅವನು ಕೂಗಿದಾಗ ಯಾರೋ ಕೊಳವೆಯಿಂದ ಕಬ್ಬಿಣಕ್ಕೆ ಬಾರಿಸಿದರು, ಇಡೀ ಶೆಡ್ಡು ಗಣಗಣ ಎಂದಿತು. ಹನ್ನೆರಡನೇ ನಿಮಿಷಕ್ಕೆ ಯಜಮಾನರು ಬಾಗಿಲಾಚೆ ಬಕೆಟ್ಟಿನ ನೀರಿಗೆ ತಲೆ ಕೊಟ್ಟು ಕುಳಿತಿದ್ದರು. ಅಂಕಿ ಕೊನೆಗೆ ನಿಂತದ್ದು ಐವತ್ತೇಳಕ್ಕೆ. ಯಜಮಾನರು ಒದ್ದೆ ತಲೆಯಲ್ಲೇ ತಮ್ಮನ ಹತ್ತಿರ ಹೋಗಿ, ಇಷ್ಟು ವರ್ಷ ಇಲ್ಲಿ ಹೇಗೆ ನಿಂತೆಯೋ ಮಾರಾಯ ಎಂದರು.

ಎಲ್ಲರೂ ಕುಣಿಯುತ್ತಿರುವಾಗ ಫಳಫಳಕ್ಕ ಮಾತ್ರ ಚೆಂಡನ್ನೇ ದಿಟ್ಟಿಸುತ್ತಿದ್ದಳು. ಅವಳ ತಲೆಯಲ್ಲಿ ಏನೋ ಹೊಳೆಯಿತು.

"ಇದೇ ಜಾಗ, ಇದೇ ಬೆಂಕಿ. ಉಜ್ಜಿದ ಚೆಂಡಿಗೆ ತಟ್ಟದ ಬಿಸಿ ನನ್ನ ತಮ್ಮನಿಗೆ ಯಾಕೆ ತಟ್ಟಬೇಕು? ಅವನ ಮುಂದೆ ಒಂದು ತಗಡು ನಿಲ್ಲಿಸಿ, ಕೊಳವೆಗೆ ಒಂದು ತೂತು ಬಿಡಿ. ಹೊಳೆಯೋ ಹಾಗೆ ಮಾಡೋದು ನನ್ನ ಪಾಲಿಗಿರಲಿ."

ಅಳತೆಯವಳು ತನ್ನ ಪುಸ್ತಕ ಮುಚ್ಚಿದಳು. ಇದನ್ನೇ ನಾನು ವರದಿಯ ಕೊನೇ ಪುಟದಲ್ಲಿ ಬರೆಯುವವಳಿದ್ದೆ, ಅಕ್ಕ ಮೊದಲ ಪುಟಕ್ಕೇ ತಂದಿಟ್ಟಳು ಎಂದಳು. ಉಗ್ರಾಣದ ಹಿಂದೆ ಬಿದ್ದಿದ್ದ ಅಲ್ಯೂಮಿನಿಯಂ ತಗಡನ್ನು ನಾಲ್ಕು ಜನ ಹೊತ್ತು ತಂದರು. ಫಳಫಳಕ್ಕ ಊಟವನ್ನೂ ಮರೆತು ಮೂರು ಗಂಟೆಯವರೆಗೆ ಅದರ ಮೇಲೆ ಬಿದ್ದಳು. ತಗಡಿನ ಮರೆಯಲ್ಲಿಟ್ಟ ಮಸಿ ಚೆಂಡು ನಲವತ್ತೊಂದು ಹೇಳಿತು. ಸರದಿಯಂತೂ ಅಂದೇ ಶುರುವಾಯಿತು.

ಈಗ ತಗಡನ್ನು ಅವಳು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಉಜ್ಜುತ್ತಾಳೆ. ಯಜಮಾನರು ಕೊಂಡು ತಂದ ಹೊಸ ಕಪ್ಪು ಚೆಂಡಿನ ಹತ್ತಿರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೋಗುತ್ತಾಳೆ. ಆದರೆ ಆ ಮೊದಲ ವಾರದ ಒಂದು ಸಂಜೆಯನ್ನು ಅವಳು ಮರೆತಿಲ್ಲ. ಕೈಕಾಲು ತೊಳೆದು ಬಂದ ತಮ್ಮ ಎಂದಿನಂತೆ ಅಂಗಿ ಕಳಚಿ ಅವಳ ಕೈಗೆ ಕೊಟ್ಟ. ಅವಳು ಸೋಪು ಹಿಡಿದು, ಬೆನ್ನಿನ ಕಡೆ ಮೇಲೆ ಮಾಡಿ ಹರವಿದಳು. ದೀಪದ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. ಉಪ್ಪಿನ ಗೆರೆ ಒಂದೂ ಇರಲಿಲ್ಲ. ಉಜ್ಜಲು ಏನೂ ಸಿಗದೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.