ಕಿಂಡಿಯೊಳಗಿನ ದಾರ

ಆ ದಾರದ ವಿಷಯದಲ್ಲಿ ನನಗೂ ನಮ್ಮ ಡಾಕ್ಟರಿಗೂ ಐವತ್ತು ವರ್ಷಗಳ ಜಗಳ. ಡಾಕ್ಟರೆಂದರೆ ನಮ್ಮ ಯಜಮಾನರು, ಕೇಶವಮೂರ್ತಿ. ಮೈಸೂರಿನಲ್ಲಿ ಓದಿ, ವೇಲ್ಸ್‌ನ ಕಣಿವೆಯೊಂದರ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಹದಿನಾಲ್ಕು ವರ್ಷ ಮದ್ದು ಕೊಟ್ಟವರು. ಅಲ್ಲಿ ಬಾಗಿಲಿಗೇ ಟಪಾಲು ಹಾಕುವ ಕಿಂಡಿ. ಕಿಂಡಿಯ ಒಳಗೆ ದಾರಕ್ಕೆ ಕಟ್ಟಿದ ಬೀಗದ ಕೈ. ಗಣಿಯ ಧೂಳು ಕುಡಿದು ಎದೆ ಕಟ್ಟಿದ ಮುದುಕರಿಗೆ ಎದ್ದು ಬಾಗಿಲು ತೆಗೆಯುವಷ್ಟು ಉಸಿರಿರುತ್ತಿರಲಿಲ್ಲ. ಡಾಕ್ಟರು ದಾರ ಎಳೆದು ಬೀಗ ತೆಗೆದು ತಾವೇ ಒಳಗೆ ಹೋಗುತ್ತಿದ್ದರು. ಅದು ಸರಿ. ನಮ್ಮ ಬಾಗಿಲಿಗೂ ಯಾಕೆ ಬೇಕಿತ್ತು? ನಾನು ತಲೆಗೆ ಎಣ್ಣೆ ಒತ್ತಿಕೊಂಡು ಕೂತಿದ್ದರೆ, ಎದುರುಮನೆಯಾಕೆ ಹಂಚಿನ ಮೇಲೆ ಬೇಯಿಸಿದ ಕೇಕು ಹಿಡಿದು ನಡುಮನೆಗೇ ಬಂದು ನಿಲ್ಲುವಳು!

ಗಣಿ ಮುಚ್ಚಿತು, ಹಳ್ಳಿ ಬರಿದಾಯಿತು, ನಾವು ಸ್ಯಾನ್ ಡಿಯೇಗೋಗೆ ಬಂದೆವು. ದಾರವೂ ಬಂತು. ಅಲ್ಲಿನ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಮನೆಯ ಬಾಗಿಲಿಗೂ ಕಿಂಡಿ ಕೊರೆಸಿದರು. ಕಳ್ಳನನ್ನು ಅಕ್ಷತೆ ಕೊಟ್ಟು ಕರೆದ ಹಾಗಲ್ಲವೇ? ಕೊರೊನಾ ಮುಗಿದ ಮರುವರ್ಷ ನಮ್ಮ ಬೀದಿಯಲ್ಲೇ ಎರಡು ಮನೆ ಕಳವಾದಾಗ ನಾನು ಹಟ ಹಿಡಿದೆ. ನನ್ನೆದುರೇ ದಾರ ಕತ್ತರಿಸಿ, ಮತ್ತೆ ಕಟ್ಟುವುದಿಲ್ಲವೆಂದು ನನ್ನ ತಲೆ ಮುಟ್ಟಿ ಆಣೆ ಇಟ್ಟರು. ಮಾರನೆಯ ದಿನ ವೇಲ್ಸ್‌ನ ಹಳೆಯ ಉಣ್ಣೆ ಕೋಟನ್ನು ಬಾಗಿಲ ಹಿಂದೆ ನೇತುಹಾಕಿದರು. ಈ ಬಿಸಿಲಿಗೆ ಕೋಟೇಕೆ ಎಂದರೆ ಸುಮ್ಮನೆ ನಕ್ಕರು.

ಒಂದು ಬೆಳಿಗ್ಗೆ ಅವರು ಬರ್ಬ್ಯಾಂಕ್‌ಗೆ ಹೋದರು. ಅಲ್ಲಿ ಸ್ಟುಡಿಯೋದಲ್ಲಿ ಮಗಳು ರಚನಾ ಸಿನಿಮಾಕ್ಕೆ ಗಣಿಹಳ್ಳಿಯ ಸೆಟ್ ಹಾಕಿಸುತ್ತಿದ್ದಳು. ಸರಿಯಿದೆಯೇ ಎಂದು ಅಪ್ಪ ಬಂದು ನೋಡಬೇಕಿತ್ತು. ಇತ್ತ ನಾನು ಒಗ್ಗರಣೆಗೆ ಎಣ್ಣೆ ಇಟ್ಟು, ಕರಿಬೇವು ತೆಗೆಯಲು ಫ್ರಿಜ್ ಕಡೆ ತಿರುಗಿದವಳು ಜಾರಿ ಬಿದ್ದೆ. ಸೊಂಟ ಲಟಕ್ಕೆಂದಿತು. ಫೋನು ಕಟ್ಟೆಯ ಮೇಲೆ, ನಾನು ನೆಲದ ಮೇಲೆ. ಎಣ್ಣೆ ಹೊಗೆಯಾಡತೊಡಗಿತು. ಮನೆಯ ಜೊತೆ ನಾನೂ ಸುಟ್ಟುಹೋಗುತ್ತೇನೆಂದು ನಿಜವಾಗಿ ಹೆದರಿದೆ.

ಬೆಲ್ ಆಯಿತು. ವಾಕಿಂಗ್‌ಗೆ ಕರೆಯಲು ಬಂದ ಪಕ್ಕದ ಮನೆಯ ಜಯಾ.

“ಜಯಾ, ಬಿದ್ದಿದೀನಿ ಕಣೇ! ಸ್ಟವ್ ಆನ್ ಇದೆ!”

“ಅಯ್ಯೋ ಆಂಟಿ, ಡೋರ್ ಲಾಕ್ ಆಗಿದೆ!”

ದಾರ ಕತ್ತರಿಸಲು ಕತ್ತರಿ ತಂದುಕೊಟ್ಟವಳೇ ನಾನು. ಬಾಣಲೆಯಲ್ಲಿ ಬೆಂಕಿ ಭಗ್ಗೆಂದಿತು. ಅಷ್ಟರಲ್ಲಿ ಕಿಂಡಿಯ ತಗಡು ಟಪ್ಪೆಂದಿತು, ಬೀಗ ತಿರುಗಿತು. ಜಯಾ ಓಡಿಬಂದು ಒಲೆ ಆರಿಸಿ, ಬಾಣಲೆಗೆ ಮುಚ್ಚಳ ಹಾಕಿದಳು. ಹೋದ ಜೀವ ಬಂದಂತಾಯಿತು. ಬಿದ್ದಲ್ಲೇ ಅತ್ತುಬಿಟ್ಟೆ.

“ಹೇಗೆ ಬಂದ್ಯೇ?”

“ದಾರ ಎಳೆದೆ ಆಂಟಿ. ಅಂಕಲ್ ಕತ್ತರಿಸಿದ ಮಾರನೇ ದಿನಾನೇ ಹೊಸದು ಕಟ್ಟಿದ್ರು, ಕೋಟಿನ ಹಿಂದೆ. ನಿಮಗೆ ಹೇಳ್ಬೇಡ ಅಂದಿದ್ರು.”

ಸಂಜೆ ಡಾಕ್ಟರು ಆಸ್ಪತ್ರೆಗೆ ಓಡಿಬಂದರು. ಬಂದವರೇ ನನ್ನ ನಾಡಿ ಹಿಡಿದರು.

“ತಲೆ ಮುಟ್ಟಿ ಸುಳ್ಳಾಣೆ ಇಟ್ರಲ್ಲ, ನನ್ನ ತಲೆ ಏನಾಗ್ಬೇಕಿತ್ತು?”

“ತಲೆಗೆ ಬಂದಿದ್ದು ಸೊಂಟಕ್ಕೆ ಹೋಯ್ತು ಬಿಡು,” ಎಂದವರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಮೂರು ವಾರದ ಮೇಲೆ ವಾಕರ್ ಹಿಡಿದು ಮನೆಗೆ ಬಂದೆ. ಬಾಗಿಲ ಹಿಂದೆ ಕೋಟು ಇನ್ನೂ ತೂಗುತ್ತಿತ್ತು.

“ಆ ಕೋಟು ತೆಗೀರಿ,” ಎಂದೆ. “ದಾರಕ್ಕೆ ಅಡ್ಡ ಬರತ್ತೆ.”