ಮಾತು ಕೇಳದ ಹುಡುಗಿ

ಮನೆಯಲ್ಲಿ ಆ ಹುಡುಗಿಯನ್ನು ಹೆಸರು ಹಿಡಿದು ಕರೆಯುವುದೇ ಬಿಟ್ಟುಹೋಗಿತ್ತು. ಎಲ್ಲರ ಬಾಯಲ್ಲೂ ಮೊಂಡಿ. ಕೊಟ್ಟಿಗೆಯಿಂದ ಅಜ್ಜಿ ಚೆಂಬು ತಾ ಎಂದರೆ ಅಂಗಳದಲ್ಲಿ ಕೂತ ಮೊಂಡಿ ತಿರುಗಿಯೂ ನೋಡುತ್ತಿರಲಿಲ್ಲ. ಎದುರಿಗೆ ಬಂದು ಗದರಿದರೆ ಮಾತ್ರ ಎದ್ದುಹೋಗಿ ತರುತ್ತಿದ್ದಳು. ತರುವಾಗ ಮುಖದಲ್ಲಿ ತಪ್ಪು ಮಾಡಿದೆನೆಂಬ ಅಳುಕು ಎಳ್ಳಷ್ಟೂ ಇರುತ್ತಿರಲಿಲ್ಲ. ಅಜ್ಜಿಗೆ ಪಿತ್ತ ನೆತ್ತಿಗೇರುತ್ತಿದ್ದುದು ಅದಕ್ಕೇ. ಇವಳಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ ಎಂದು ಗೊಣಗುತ್ತಾ ಮತ್ತೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು.

ಶಾಲೆಯಲ್ಲೂ ಅದೇ ದೂರು. ಹೇಳಿದ್ದನ್ನು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ, ಹೀಗೇ ಆದರೆ ಇನ್ನೊಂದು ವರ್ಷ ಚಿಕ್ಕ ಮಕ್ಕಳ ಜೊತೆಗೇ ಕೂರಿಸಬೇಕಾಗುತ್ತದೆ ಎಂದು ಟೀಚರು ಅಮ್ಮನನ್ನು ಕರೆಸಿ ಹೇಳಿದರು. ಅಮ್ಮ ತಲೆ ಆಡಿಸಿ ಬಂದಳು. ಮಗಳು ಮೊಂಡಿಯಾದರೆ ಅವಳಿಗೆ ಚಿಂತೆಯಿರಲಿಲ್ಲ, ದೊಡ್ಡವಳಾದರೆ ಸರಿಹೋಗುತ್ತದೆ. ಆದರೆ ಬುದ್ಧಿಯೇ ಮಂದವಾಗಿದ್ದರೆ? ಆ ಮಾತನ್ನು ಪರವೂರಿನಲ್ಲಿದ್ದ ಗಂಡನ ಮುಂದೆ ಫೋನಿನಲ್ಲಿ ಆಡುವುದಕ್ಕೂ ಅವಳಿಗೆ ಧೈರ್ಯವಾಗಲಿಲ್ಲ.

ಹುಡುಗಿಗೆ ಸದಾ ಶೀತ, ರಾತ್ರಿ ಬಾಯಿ ತೆರೆದುಕೊಂಡು ಗೊರಕೆ. ಅದಕ್ಕೆ ಔಷಧಿ ಕೇಳುವ ನೆವದಲ್ಲಿ ಅಮ್ಮ ನರ್ಸಮ್ಮನ ಹತ್ತಿರ ಹೋದಳು. ಹಾಲಿನ ಡೈರಿಯ ಗೋಡೆಗೆ ಅಂಟಿಕೊಂಡ ಒಂದೇ ಕೋಣೆ ನರ್ಸಮ್ಮನ ಆಸ್ಪತ್ರೆ: ಲಸಿಕೆಯ ಫ್ರಿಜ್ಜು, ತೂಕದ ಯಂತ್ರ, ಬೆಂಚು. ನರ್ಸಮ್ಮ ಎಲ್ಲವನ್ನೂ ಸಾವಧಾನವಾಗಿ ಕೇಳಿ, ಬುಧವಾರ ಬನ್ನಿ, ಪಟ್ಟಣದ ಕಿವಿ ಮೂಗಿನ ಡಾಕ್ಟರು ಪರದೆಯ ಮೇಲೆ ಸಿಗುತ್ತಾರೆ ಎಂದಳು.

ಬುಧವಾರ ಅಜ್ಜಿಯೂ ಹೊರಟಳು. ಡಾಕ್ಟರಾದರೂ ಮೊಂಡಿಗೆ ನಾಲ್ಕು ಬುದ್ಧಿಮಾತು ಹೇಳಲಿ ಎಂಬುದು ಅವಳ ಆಸೆ. ವೈದ್ಯದ ಬಗ್ಗೆ ನಂಬಿಕೆಯೇನೂ ಇರಲಿಲ್ಲ. ದಾರಿಯಲ್ಲಿ ಸೊಸೆಗೆ ಹೇಳಿದಳು:

“ಫೋನಿನಲ್ಲಿ ನನ್ನ ಮಗನ ಮುಖವೇ ನೆಟ್ಟಗೆ ಕಾಣಲ್ಲ ಕಣೆ. ಇನ್ನು ಕಿವಿಯ ತೂತು ಕಾಣುತ್ತಾ?”

ಮೇಜಿನ ಮೇಲೆ ಸ್ಲೇಟಿನಗಲದ ಪರದೆ. ಅದರಲ್ಲಿ ಕನ್ನಡಕದ ಹೆಂಗಸೊಬ್ಬಳು ಹುಡುಗಿಗೆ ಕೈಬೀಸಿದಳು. ಮೊದಲು ಕಾಯಿಲೆಯ ಮಾತೇ ಇಲ್ಲ, ಬರೀ ಆಟ. ನಾಲಿಗೆ ಚಾಚು ಎಂದಳು, ಹುಡುಗಿ ಚಾಚಿದಳು. ಮೂಗು ಮುಟ್ಟು ಎಂದಳು, ಮುಟ್ಟಿದಳು. ಮೊಂಡಿ ಇಷ್ಟು ಚೆನ್ನಾಗಿ ಮಾತು ಕೇಳಿದ್ದನ್ನು ಕಂಡು ಅಜ್ಜಿಗೆ ಸ್ವಲ್ಪ ಅವಮಾನವೇ ಆಯಿತು.

ಅಷ್ಟರಲ್ಲಿ ಚಿತ್ರ ಹೋಯಿತು. ಪರದೆ ಕಪ್ಪಾಯಿತು, ದನಿ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಕಿವಿ ಮುಟ್ಟು ಪುಟ್ಟಿ, ಎಂದಿತು ದನಿ. ಹುಡುಗಿ ಕಪ್ಪು ಪರದೆಯನ್ನೇ ನೋಡುತ್ತಾ ಕೂತಳು. ಇನ್ನೊಮ್ಮೆ ಹೇಳಿತು. ಹುಡುಗಿ ಅಲ್ಲಾಡಲಿಲ್ಲ.

“ನೋಡಿದಿರಾ ಡಾಕ್ಟರಮ್ಮ?” ಅಜ್ಜಿಗೆ ಈಗ ಉಸಿರು ಬಂದಂತಾಯಿತು. “ಇಷ್ಟೇ ಇವಳ ಬಾಳು. ಮನಸ್ಸು ಬಂದರೆ ಮಾಡ್ತಾಳೆ. ಇಲ್ಲದಿದ್ದರೆ ಇವಳು ಮಾತು ಕೇಳಲ್ಲ.”

ಚಿತ್ರ ಮರಳಿದಾಗ ಡಾಕ್ಟರು ಕನ್ನಡಕ ತೆಗೆದು ಮುಂದಕ್ಕೆ ಬಾಗಿ ಕೂತಿದ್ದಳು. ಪರದೆಯಲ್ಲಿ ಕಾಣುವ ತನ್ನ ಮುಖಕ್ಕೆ ಒಂದು ರಟ್ಟು ಅಡ್ಡ ಹಿಡಿಯಲು ನರ್ಸಮ್ಮನಿಗೆ ಹೇಳಿದಳು. ನರ್ಸಮ್ಮ ಹಿಡಿದಳು. ಕಿವಿ ಮುಟ್ಟು ಎಂಬ ದನಿ ಬಂತು. ಹುಡುಗಿ ರಟ್ಟನ್ನು ನೋಡುತ್ತಿದ್ದಳು. ರಟ್ಟು ಸರಿಯಿತು. ಅದೇ ಮಾತು, ಅಷ್ಟೇ ದನಿ. ಹುಡುಗಿ ಡಾಕ್ಟರ ತುಟಿಗಳ ಮೇಲೆ ಕಣ್ಣಿಟ್ಟು ಎರಡೂ ಕೈಯಲ್ಲಿ ಎರಡೂ ಕಿವಿ ಹಿಡಿದುಕೊಂಡಳು.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಕಿವಿಯ ಒಳಗನ್ನು ನೋಡಬೇಕಿತ್ತು. ತುದಿಯಲ್ಲಿ ದೀಪ, ಪುಟ್ಟ ಕ್ಯಾಮೆರಾ ಇದ್ದ ಕಡ್ಡಿಯೊಂದನ್ನು ನರ್ಸಮ್ಮ ಎತ್ತಿಕೊಂಡಾಗ ಹುಡುಗಿ ಬೆದರಿದಳು. ಅಜ್ಜಿ, ನೀವು ತೊಡೆ ಮೇಲೆ ಕೂರಿಸಿಕೊಳ್ಳಿ, ಒಂದು ಕೈ ಹಣೆಗೆ, ಒಂದು ಕೈ ತೋಳಿಗೆ ಎಂದು ಡಾಕ್ಟರು ಅಲ್ಲಿಂದಲೇ ಹೇಳಿಕೊಟ್ಟಳು. ಕರು ಹಿಡಿದು ಪಳಗಿದ ಕೈ. ಬಿಗಿಯಾಗಿಯೂ ಹಿಡಿಯಿತು, ನೋಯದ ಹಾಗೂ ಹಿಡಿಯಿತು. ನರ್ಸಮ್ಮ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆದು, ಉಸಿರು ಬಿಗಿಹಿಡಿದು ಕಡ್ಡಿಯನ್ನು ಒಳಗಿಟ್ಟಳು. ಇಲ್ಲಿ ಇವಳ ಬೆರಳು, ಎಷ್ಟೋ ಮೈಲಿಯಾಚೆ ಡಾಕ್ಟರ ಕಣ್ಣು. ಇನ್ನೊಂದು ಕೂದಲೆಳೆ ಎಡಕ್ಕೆ ಎಂದರೆ ಅಷ್ಟೇ ಎಡಕ್ಕೆ. ನಿಲ್ಲಿ ಎಂದರೆ ಅಲ್ಲೇ ನಿಲುಗಡೆ. ಗೋಡೆಯಾಚೆ ಹಾಲಿನ ಕ್ಯಾನುಗಳು ಗಡಗಡ ಉರುಳುತ್ತಿದ್ದವು, ಈ ಕೋಣೆಯಲ್ಲಿ ಯಾರೂ ಮಿಸುಕಲಿಲ್ಲ. ಮೊಮ್ಮಗಳ ಕಿವಿಯೊಳಗಿನ ತಮಟೆ ಪರದೆಯ ತುಂಬ ಮೂಡಿತು. ಹೊಳೆಯಬೇಕಾಗಿದ್ದ ಚರ್ಮ ಹಳೆಯ ಎಣ್ಣೆಕಾಗದದಂತೆ ಮಬ್ಬಾಗಿತ್ತು, ಅದರ ಹಿಂದೆ ಅಂಟಿನಂಥ ನೀರು, ನೀರಿನಲ್ಲಿ ಗುಳ್ಳೆ. ಇನ್ನೊಂದು ಕಿವಿಯೂ ಹಾಗೇ.

ಡಾಕ್ಟರು ಯಾರನ್ನೂ ಬೈಯಲಿಲ್ಲ.

“ಅಜ್ಜಿ, ನೀವು ಹೇಳಿದ್ದು ಹತ್ತಿರ ಹತ್ತಿರ ಸರಿಯೇ,” ಎಂದಳು. “ಒಂದಕ್ಷರ ಬಿಟ್ಟುಹೋಗಿದೆ ಅಷ್ಟೆ. ಅವಳು ಮಾತು ಕೇಳಲ್ಲ ಅಂತ ಅಲ್ಲ. ಅವಳಿಗೆ ಮಾತು ಕೇಳಲ್ಲ.”

ಹಣೆಯ ಮೇಲಿದ್ದ ಅಜ್ಜಿಯ ಕೈ ತಾನಾಗಿಯೇ ಹುಡುಗಿಯ ತಲೆ ಸವರತೊಡಗಿತು.

ಅಮ್ಮ ಕೊನೆಗೂ ಕೇಳಿಬಿಟ್ಟಳು, ಹಾಗಾದರೆ ಬುದ್ಧಿ? ಡಾಕ್ಟರು ನಕ್ಕಳು. ಕಿವಿ ಮುಚ್ಚಿಕೊಂಡಿದ್ದರೂ ತುಟಿ ನೋಡಿಯೇ ಇಷ್ಟು ದಿನ ಸಂಭಾಳಿಸಿದ್ದಾಳೆ, ಇವಳ ಬುದ್ಧಿಯ ಬಗ್ಗೆ ನೀವು ಹೆದರಬೇಡಿ ಎಂದಳು. ಮೂಗಿನ ಹಿಂದೆ ಗಡ್ಡೆ ಬೆಳೆದಿರಬಹುದು, ಗೊರಕೆಯೂ ಅದರಿಂದಲೇ. ಒಮ್ಮೆ ಪಟ್ಟಣಕ್ಕೆ ಬನ್ನಿ, ಎಷ್ಟು ಕೇಳುತ್ತದೆಂದು ಅಳೆದು ನೋಡೋಣ, ಬೇಕಾದರೆ ಚಿಕ್ಕ ಆಪರೇಷನ್ ಮಾಡಿ ನೀರು ತೆಗೆಯೋಣ. ಆಮೇಲೆ ಪ್ರತಿ ಸಲ ಬಸ್ಸು ಹತ್ತಬೇಕಾಗಿಲ್ಲ, ಇದೇ ಬೆಂಚಿನ ಮೇಲೆ ಕೂತರೆ ಸಾಕು ಎಂದು ಬಿಡಿಸಿ ಹೇಳಿದಳು. ಕಿವಿಗೆ ಕಾಯಿಸಿದ ಎಣ್ಣೆ ಮಾತ್ರ ಇನ್ನು ಬೇಡ ಎಂದಾಗ ಅಜ್ಜಿ ಸೀರೆಯ ಅಂಚನ್ನು ನೋಡಿಕೊಂಡಳು.

ಪಟ್ಟಣದಲ್ಲಿ ಅಳೆದದ್ದೂ ಆಯಿತು, ಆಪರೇಷನ್ನೂ ಆಯಿತು. ವಾಪಸು ಬಂದ ಮರುದಿನ ಅಜ್ಜಿ ಕೊಟ್ಟಿಗೆಯಿಂದ, ಅಭ್ಯಾಸಬಲದಿಂದ, ಕೇರಿಗೆಲ್ಲ ಕೇಳುವಂತೆ ಚೆಂಬು ತಾ ಎಂದು ಕೂಗಿದಳು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

“ಯಾಕಜ್ಜಿ ಕಿರುಚ್ತೀಯ?”

ಅಜ್ಜಿ ಹಸುವಿನ ಹೊಟ್ಟೆಗೆ ಹಣೆಯಾನಿಸಿದಳು. ಹಸು ತಿರುಗಿ ನೋಡಿತು.

ಮುಂದಿನ ಬುಧವಾರ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಹುಡುಗಿ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಗೋಡೆಯಾಚೆ ಕ್ಯಾನು ಉರುಳುವ ಸದ್ದಿಗೆ ತಲೆ ಓರೆ ಮಾಡಿ, ಅದೇನದು, ಇದೇನಿದು ಎಂದು ಅಮ್ಮನ ಪ್ರಾಣ ತಿನ್ನುತ್ತಿದ್ದಳು. ಟೀಚರು ಅವಳನ್ನು ಮುಂದಿನ ತರಗತಿಗೇ ಕಳಿಸುತ್ತಾರಂತೆ ಎಂದು ಅಮ್ಮ ಹೇಳಿದಳು. ನರ್ಸಮ್ಮ ಕಡ್ಡಿ ಹಿಡಿದಳು, ಡಾಕ್ಟರು ನೋಡಿದಳು, ಚೆನ್ನಾಗಿದೆ ಎಂದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ಈಗ ಹೇಗೆ, ಮಾತು ಕೇಳುತ್ತಾ ಎಂದು ಕೇಳಿದಳು.

ಅಜ್ಜಿ ಮೊಮ್ಮಗಳನ್ನು ಒಮ್ಮೆ ನೋಡಿ, ಅಕ್ಷರ ತಪ್ಪದ ಹಾಗೆ ನಿಧಾನವಾಗಿ ಹೇಳಿದಳು:

“ಅವಳಿಗೆ ಕೇಳುತ್ತೆ ತಾಯಿ. ಅವಳು ಮಾತ್ರ ಇನ್ನೂ ಕೇಳಲ್ಲ.”